ಗಲ್ಲಾದ ಕುರ್ಚಿ

ಬ್ಲಾಗ್ ಕಡೆ ತಲೆ ಹಾಕಿ ಎಷ್ಟೋ ತಿಂಗಳಾಯಿತು. "ಏನ್ರೀ, ಬರೆಯೋದು ಬಿಟ್ಟೇಬಿಟ್ರಾ?" ಅಂತ ಒಂದಿಬ್ಬರು ಕೇಳಿದರು. ಬಿಟ್ಟಿರಲಿಲ್ಲ. ಒಂದು ವಿಷಯ ಗಂಟಲಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಹೇಳದೆ ಮಳೆ ಬಗ್ಗೆಯೋ ಸಿನಿಮಾ ಬಗ್ಗೆಯೋ ಬರೆಯಲು ಮನಸ್ಸು ಬರಲಿಲ್ಲ. ಇವತ್ತು ನನಗೆ ವಾರದ ರಜೆ. (ಹೌದು, ಹೋಟೆಲಿನವನಿಗೂ ರಜೆ! ಅದು ಹೇಗೆ ಬಂತು ಅನ್ನೋದೂ ಈ ಬರಹದಲ್ಲೇ ಇದೆ.)

ನನ್ನ ಕೆಲಸ ಹಳೇ ಓದುಗರಿಗೆ ಗೊತ್ತು. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಕ್ಯಾಶಿಯರ್. ನಿಂತು ತಿನ್ನೋ ಹೋಟೆಲು, ದರ್ಶಿನಿ ಅಂತೀವಲ್ಲ, ಅದು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರೆಲ್ಲ ಹಬ್ಬಿದ ಪದ್ಧತಿ. ಟೇಬಲ್ಲು ಬೇಡ, ಕುರ್ಚಿ ಬೇಡ. ಟೋಕನ್ ತಗೊಳ್ಳಿ, ತಟ್ಟೆ ನೀವೇ ತಗೊಳ್ಳಿ, ನಿಂತು ತಿಂದು ಹೊರಡಿ. ಜಾಗ ಕಡಿಮೆ ಸಾಕು, ತಿಂಡಿ ಬೇಗ ಸಿಗುತ್ತೆ, ರೇಟೂ ಕಡಿಮೆ. ಎಲ್ಲರಿಗೂ ಅನುಕೂಲವೇ. ಗಿರಾಕಿ ಹತ್ತು ನಿಮಿಷ ನಿಂತು ಹೋಗುತ್ತಾನೆ. ಒಳಗೆ ದೋಸೆ ಹಾಕುವವನು? ಕಾಫಿ ಬೆರೆಸುವವನು? ಪಾರ್ಸೆಲ್ ಕಟ್ಟುವವನು? ಇಪ್ಪತ್ತು ವರ್ಷ ಅದೇ ಹೋಟೆಲಿನಲ್ಲಿ ಇದ್ದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಯಾಕೆ ಅಂದರೆ, ಇಡೀ ಹೋಟೆಲಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಗಲ್ಲಾದ ಕುರ್ಚಿ. ಅದರ ಮೇಲೆ ನಾನು ಕೂತಿದ್ದೆ.

ನಮ್ಮೂರು ಮಾಲೂರು ತಾಲ್ಲೂಕಿನ ಲಕ್ಕೂರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹೊಸೂರು ಕಡೆ ಹೋದರೆ ತಮಿಳು. ಮೂರೂ ಬರುತ್ತೆ, ಮೂರೂ ಅರ್ಧಂಬರ್ಧ ಅಂತ ಹೆಂಡತಿ ಆಡಿಕೊಳ್ತಾಳೆ. ಈಗ ಹುಡುಗರಿಗೆ ಮಾಲೂರಿನ, ನರಸಾಪುರದ ಫ್ಯಾಕ್ಟರಿಗಳಿವೆ. ನಮ್ಮ ಕಾಲಕ್ಕೆ ಬೋರ್‌ವೆಲ್ಲಿನಲ್ಲಿ ನೀರಿದ್ದವರಿಗೆ ಟೊಮೇಟೊ, ಇಲ್ಲದವರಿಗೆ ಇಟ್ಟಿಗೆ-ಹಂಚಿನ ಕೆಲಸ, ಅದೂ ಬೇಡ ಅಂದವರಿಗೆ ಬೆಂಗಳೂರಿನ ಹೋಟೆಲು. ಹೋಟೆಲಿನ ಕೆಲಸಕ್ಕೆ ಒಂದು ದೊಡ್ಡ ಗುಣ ಇತ್ತು: ಊಟ, ಜಾಗ ಎರಡೂ ಅಲ್ಲೇ. ಮನೆಯವರಿಗೆ ಇನ್ನೇನು ಬೇಕು?

ನಮ್ಮ ದೊಡ್ಡಪ್ಪನ ಮಗ ಹಾಗೆ ಹೋದದ್ದು 1996ರಲ್ಲಿ. ಆಗ ಅವನಿಗೆ ಹದಿಮೂರು ವರ್ಷ. ಹೋಟೆಲು, ಡಾಬಾಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳು ಕೆಲಸ ಮಾಡಬಾರದು ಅಂತ ಕೇಂದ್ರ ಸರ್ಕಾರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಷ್ಟರಲ್ಲಿ ಅಣ್ಣ ತಟ್ಟೆ ತೊಳೆಯೋದು ಮುಗಿಸಿ, ಇಡ್ಲಿ ಪಾತ್ರೆ ಮುಗಿಸಿ, ದೋಸೆ ಕಾವಲಿ ಮುಂದೆ ನಿಂತಾಗಿತ್ತು. ನಾನು 2004ರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದೆ. ಅಪ್ಪ ಮಾತಾಡದೆ ಮಾಲೂರು ಸ್ಟೇಷನ್ನಿಗೆ ಬಂದು ರೈಲು ಹತ್ತಿಸಿದರು. ಹೂವಿನ ಮೂಟೆಗಳ ಮಧ್ಯೆ ಕೂತು ಬೆಂಗಳೂರಿಗೆ ಬಂದೆ. ಅಣ್ಣ ಸ್ಟೇಷನ್ನಿನಲ್ಲಿ ಕಾದಿದ್ದ.

ಮೊದಲ ವಾರ ನನಗೆ ನೆನಪಿರೋದು ಪಾದ ಮಾತ್ರ. ತಟ್ಟೆ ತೊಳೆಯೋ ಜಾಗದಲ್ಲಿ ಸದಾ ನೀರು, ಬೆರಳ ಸಂದು ಬಿಳಿಚಿಕೊಂಡು ಬಿರಿಯುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಮೇಲಿನ ರೂಮಿನಲ್ಲಿ ಹನ್ನೆರಡು ಜನ ಚಾಪೆ ಹಾಸಿ ಮಲಗುತ್ತಿದ್ದೆವು. ಅಣ್ಣ ನನ್ನ ಕಾಲಿಗೆ ಕೊಬ್ಬರಿ ಎಣ್ಣೆ ಸವರಿ ಗೋಡೆಗೆ ಆನಿಸಿ ಮೇಲೆತ್ತಿ ಇಡಿಸುತ್ತಿದ್ದ. "ಹಿಂಗೆ ಇಟ್ಕೊಂಡ್ರೆ ರಕ್ತ ಇಳೀತದೆ ಕಣೋ. ಬೆಳಗ್ಗೆ ಸರಿಹೋಗ್ತದೆ" ಅನ್ನುತ್ತಿದ್ದ. ಎಲ್ಲಿ ಕಲಿತನೋ ಗೊತ್ತಿಲ್ಲ. ಡಾಕ್ಟರು ಹೇಳೋದೂ ಅದನ್ನೇ.

ನಮ್ಮಲ್ಲಿ ಬ್ರೇಕ್ ಡ್ಯೂಟಿ ಅಂತ ಒಂದು ಪದ್ಧತಿ. ಬೆಳಗ್ಗೆ ಐದರಿಂದ ಹನ್ನೆರಡರವರೆಗೆ ಕೆಲಸ. ಆಮೇಲೆ ಬಿಡುವು. ಸಂಜೆ ನಾಲ್ಕರಿಂದ ರಾತ್ರಿ ಹತ್ತೂವರೆಯವರೆಗೆ ಮತ್ತೆ ಕೆಲಸ. ಕೇಳೋಕೆ ಮಧ್ಯಾಹ್ನ ನಾಲ್ಕು ಗಂಟೆ ರಜೆ ಅನ್ನಿಸುತ್ತೆ. ಆ ನಾಲ್ಕು ಗಂಟೆಯಲ್ಲಿ ಮನೆಗೆ ಹೋಗಿ ಬರೋಕೆ ಆಗಲ್ಲ, ಊಟ, ಸ್ನಾನ, ಬಟ್ಟೆ ಒಗೆಯೋದು ಮುಗಿದರೆ ಒಂದು ಕೋಳಿನಿದ್ದೆ. ಅಷ್ಟರಲ್ಲಿ ಕೆಳಗೆ ಗ್ರೈಂಡರ್ ಶುರು. ಕೂಡಿಸಿ ನೋಡಿ: ಕಾಲ ಮೇಲೆ ಹದಿಮೂರೂವರೆ ಗಂಟೆ, ಡ್ಯೂಟಿಯ ಹೆಸರಲ್ಲಿ ಹೋಗೋದು ಹದಿನೇಳೂವರೆ ಗಂಟೆ.

ನಾನು ಗಣಿತ ಕಟ್ಟಿ ಪಾಸು ಮಾಡಿಕೊಂಡೆ, ಕಂಪ್ಯೂಟರ್ ಕ್ಲಾಸಿಗೆ ಹೋದೆ (ಕನ್ನಡ ಟೈಪಿಂಗ್ ಕಲಿತದ್ದು ಅಲ್ಲೇ, ಈ ಬ್ಲಾಗ್ ಹುಟ್ಟಿದ್ದೂ ಅಲ್ಲೇ). ಯಜಮಾನರು 2011ರಲ್ಲಿ ಗಲ್ಲಾದಲ್ಲಿ ಕೂರಿಸಿದರು. ಅಣ್ಣನಿಗೆ ನನಗಿಂತ ಖುಷಿ. "ನಮ್ಮೋನು ಕುಂತವ್ನೆ" ಅಂತ ಊರಿಗೆಲ್ಲ ಫೋನ್ ಮಾಡಿ ಹೇಳಿದ. ನಮ್ಮ ಕಡೆ ಕೆಲಸದಲ್ಲಿ ಮೇಲೆ ಬಂದ ಅನ್ನೋಕೆ ಅದೇ ಮಾತು: ಕೂತಿದ್ದಾನೆ.

ಗಲ್ಲಾದ ಜೊತೆ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂತು. ಹಾಜರಿ ಪುಸ್ತಕ. ಹೇಳಬೇಕಾದ್ದು ಇದೇ, ಹೇಳಿಬಿಡ್ತೀನಿ. ಕರ್ನಾಟಕದಲ್ಲಿ ಅಂಗಡಿ-ಹೋಟೆಲುಗಳಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಐದು ಗಂಟೆ ಕೆಲಸವಾದ ಮೇಲೆ ಒಂದು ಗಂಟೆ ವಿಶ್ರಾಂತಿ. ವಾರಕ್ಕೊಂದು ರಜೆ. ಹೆಚ್ಚಿನ ಗಂಟೆಗೆ ಎರಡರಷ್ಟು ಕೂಲಿ. ಮಧ್ಯದ ಬಿಡುವೂ ಸೇರಿ ಒಂದು ದಿನದ ಕೆಲಸ 12 ಗಂಟೆ ಮೀರಿ ಹರಡಬಾರದು ಅಂತಲೂ ಅದರಲ್ಲೇ ಇದೆ. ನೋಡಿ, ನಮ್ಮ ಬ್ರೇಕ್ ಡ್ಯೂಟಿಗೆ ಅರವತ್ತು ವರ್ಷದ ಹಿಂದೆಯೇ ಬೇಲಿ ಹಾಕಿಟ್ಟಿದ್ದರು! ನಾನು ಏನು ಬರೆಯುತ್ತಿದ್ದೆ ಗೊತ್ತಾ? ಎಲ್ಲರ ಹೆಸರಿನ ಮುಂದೆ 9 ಗಂಟೆ. ವಾರಕ್ಕೊಂದು ದಿನ ಕೆಂಪು ಇಂಕಿನಲ್ಲಿ "ವಾ.ರ." ತಿಂಗಳ ಕೊನೆಗೆ ಒಂದೇ ಕೂತಲ್ಲಿ, ಕಾಫಿ ಕುಡಿಯುತ್ತಾ, ಮೂವತ್ತು ದಿನದ್ದನ್ನೂ ತುಂಬಿಸುತ್ತಿದ್ದೆ. ಅಕ್ಷರ ದುಂಡಗಿದೆ ಅಂತ ಯಜಮಾನರು ಹೊಗಳುತ್ತಿದ್ದರು.

ಯಜಮಾನರು ಕೆಟ್ಟವರಲ್ಲ. ನಾಲ್ಕೂವರೆಗೆ ಬಂದು ತಾವೇ ಡಿಕಾಕ್ಷನ್ ನೋಡುವವರು, ಅವರೂ ಒಂದು ಕಾಲಕ್ಕೆ ತಟ್ಟೆ ತೊಳೆದವರೇ. "ನಾವು ಹಿಂಗೇ ಬಂದದ್ದು" ಅನ್ನೋದು ಅವರ ನಂಬಿಕೆ. ಹೋಟೆಲಿನ ಹೆಸರು ಬೇಡ. ಬೋರ್ಡು ಬದಲಾಯಿಸಿದರೆ ಈ ಕತೆ ಎಷ್ಟೋ ಹೋಟೆಲಿಗೆ ಹೊಂದುತ್ತೆ.

ಅಣ್ಣನ ಎಡಗಾಲಿನ ಮೀನಖಂಡದಲ್ಲಿ ಹಾವು ಸುತ್ತಿಕೊಂಡಂತೆ ನರ ಎದ್ದಿರೋದನ್ನು ನಾವು ಮೊದಲು ಯಾವಾಗ ನೋಡಿದ್ದು ಅಂತ ನೆನಪಿಲ್ಲ. ಹೋಟೆಲಿನಲ್ಲಿ ಬಹಳ ಜನಕ್ಕೆ ಇದ್ದದ್ದೇ. ವೆರಿಕೋಸ್ ವೇಯ್ನ್ಸ್ ಅನ್ನೋ ಹೆಸರೂ ಆಗ ಗೊತ್ತಿರಲಿಲ್ಲ, ನಾವು ಹೇಳುತ್ತಿದ್ದದ್ದು "ನರ ಎದ್ದದ್ದು". ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಕಾಲಿನ ರಕ್ತ ಹೃದಯಕ್ಕೆ ಮೇಲೇರಬೇಕು. ನಡೆದಾಗ ಮೀನಖಂಡದ ಮಾಂಸ ಹಿಂಡಿ ಹಿಂಡಿ ಪಂಪಿನಂತೆ ಅದನ್ನು ಮೇಲೆ ತಳ್ಳುತ್ತೆ. ಕೆಳಗೆ ಜಾರದಂತೆ ರಕ್ತನಾಳದ ಒಳಗೆ ಸಣ್ಣ ಸಣ್ಣ ಕವಾಟಗಳಿವೆ. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಂತರೆ ಪಂಪು ಕೆಲಸ ಮಾಡಲ್ಲ. ರಕ್ತ ಕೆಳಗೇ ನಿಲ್ಲುತ್ತೆ, ನಾಳ ಹಿಗ್ಗುತ್ತೆ, ಕವಾಟ ಮುಚ್ಚಿಕೊಳ್ಳೋದು ನಿಲ್ಲಿಸುತ್ತೆ. ವರ್ಷಗಳಾದ ಮೇಲೆ ಹಿಮ್ಮಡಿಯ ಮೇಲೆ ಚರ್ಮ ಕಪ್ಪಾಗಿ, ಕೆರೆತ ಬಂದು, ಹುಣ್ಣಾಗುತ್ತೆ. ವಂಶದಿಂದಲೂ ಬರಬಹುದು, ಆದರೆ ದಿನವಿಡೀ ನಿಲ್ಲೋ ಕೆಲಸ ಅದನ್ನು ಬೆಳೆಸುತ್ತೆ. ಹೋಟೆಲಿನವರು, ಸೆಲೂನಿನವರು, ಟ್ರಾಫಿಕ್ ಪೊಲೀಸರು, ನರ್ಸುಗಳು, ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು... ಎಲ್ಲರದ್ದೂ ಇದೇ ಪಾಡು.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತಲ್ಲ, ನಾವಿಬ್ಬರೂ ಊರಲ್ಲಿದ್ದೆವು. ಜೂನ್ 8ರಿಂದ ಹೋಟೆಲಿನಲ್ಲಿ ತಿನ್ನಲು ಅನುಮತಿ ಸಿಕ್ಕಿತು. ಆ ಎರಡೂವರೆ ತಿಂಗಳಲ್ಲಿ ಅಣ್ಣನ ಕಾಲಿನ ಊತ ಇಳಿದಿತ್ತು. ದೊಡ್ಡಮ್ಮ ರಾಗಿ ಮುದ್ದೆ, ಬಸ್ಸಾರು ಬಡಿಸುತ್ತಾ "ನಿನ್ನ ಕಾಲು ಈಗ ಕಾಲಿನಂಗೆ ಕಾಣ್ತೈತೆ ನೋಡಪ್ಪ" ಅಂದಿದ್ದರು. ಎಲ್ಲರೂ ನಕ್ಕೆವು. ಆ ಮಾತನ್ನು ಕೇಳಿಸಿಕೊಳ್ಳಬೇಕಾಗಿತ್ತು. ಜೂನ್ ಮಧ್ಯದಲ್ಲಿ ಮತ್ತೆ ಕಾವಲಿ ಮುಂದೆ ನಿಂತ. ಅರ್ಧ ಹುಡುಗರು ವಾಪಸ್ ಬಂದಿರಲಿಲ್ಲ, ಇಬ್ಬರ ಕೆಲಸ ಒಬ್ಬನಿಗೆ.

2022ರ ಆಯುಧಪೂಜೆ ವಾರ. ಹಬ್ಬಕ್ಕೆ ಇನ್ನೊಬ್ಬ ದೋಸೆಯವನು ಊರಿಗೆ ಹೋಗಿದ್ದ. ರಾತ್ರಿ ಲೆಕ್ಕ ಮುಗಿಸುವಾಗ ಅಣ್ಣ ಗಲ್ಲಾದ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಕಾಲು ಬಾಳ ಉರೀತೈತೆ ಕಣೋ. ಎರಡು ದಿನ ಬಿಟ್ಬುಡು" ಅಂದ. ನಾನು ಪುಸ್ತಕದಿಂದ ತಲೆ ಎತ್ತದೆ ಹೇಳಿದೆ, "ಹಬ್ಬ ಮುಗೀಲಿ ಅಣ್ಣ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ." ಅವನು ಮರುಮಾತಾಡಲಿಲ್ಲ.

ಮೂರನೇ ದಿನ ಸಂಜೆ ಹಿಟ್ಟಿನ ಡಬ್ಬಿಯ ಅಂಚು ಅವನ ಕಾಲಿಗೆ ತಾಗಿತು. ಸಣ್ಣ ಪೆಟ್ಟು. ಆದರೆ ಹಿಗ್ಗಿ ತೆಳುವಾಗಿದ್ದ ನಾಳ ಒಡೆದು ನಲ್ಲಿಯಂತೆ ರಕ್ತ ಬಂತು. ಎಲ್ಲರೂ ಗಾಬರಿ. ನಾನು ಓಡಿಹೋಗಿ ನನ್ನ ಕುರ್ಚಿ ತಂದು ಅವನನ್ನು ಕೂರಿಸಿದೆ. ರಕ್ತ ಇನ್ನೂ ಜೋರಾಯಿತು. ಆಮೇಲೆ ಡಾಕ್ಟರು ಬೈದರು: ಇಂಥ ಹೊತ್ತಲ್ಲಿ ಕೂರಿಸಬಾರದು, ಅಂಗಾತ ಮಲಗಿಸಿ ಕಾಲನ್ನು ಎದೆಗಿಂತ ಮೇಲೆತ್ತಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ತರಬೇಕು. (ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ.) ನನಗೆ ಎಣ್ಣೆ ಸವರಿ ಕಾಲು ಗೋಡೆಗೆ ಎತ್ತಿಸಿದ್ದವನು ಅವನೇ. ಇಪ್ಪತ್ತಾರು ವರ್ಷದಲ್ಲಿ ಹೋಟೆಲಿನಲ್ಲಿ ಅವನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು, ಅದೂ ಕೂರಬಾರದ ಹೊತ್ತಿನಲ್ಲಿ.

ಜೀವಕ್ಕೇನೂ ಆಗಲಿಲ್ಲ. ಆಪರೇಷನ್ ಆಯಿತು, ಹುಣ್ಣು ಮಾಯಲು ತಿಂಗಳುಗಳು ಹಿಡಿದವು. ಖರ್ಚಿಗೆ ಯಜಮಾನರು ಸ್ವಲ್ಪ ಕೊಟ್ಟರು, ನಾನು ಸ್ವಲ್ಪ, ಉಳಿದದ್ದು ಸಾಲ. ಆಗ ಅವನ ಸಂಬಳ 18,000. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಹೋಟೆಲಿಗೆ ಇಎಸ್‌ಐ ಕಡ್ಡಾಯ, 2017ರಿಂದ 21,000 ರೂಪಾಯಿವರೆಗಿನ ಸಂಬಳದವರು ಅದಕ್ಕೆ ಸೇರುತ್ತಾರೆ. ಅವನ ಲೆಕ್ಕಕ್ಕೆ ತಿಂಗಳಿಗೆ ಅವನಿಂದ 135 ರೂಪಾಯಿ, ಹೋಟೆಲಿನಿಂದ 585 ರೂಪಾಯಿ. ಕಟ್ಟಿದ್ದರೆ ಚಿಕಿತ್ಸೆ ಉಚಿತ, ಕೆಲಸಕ್ಕೆ ಬಾರದ ದಿನಗಳಿಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70. ನಮ್ಮ ಹೋಟೆಲಿನಲ್ಲಿ ಕಟ್ಟಿರಲಿಲ್ಲ. ಒಂದು ದಿನದ ಚಟ್ನಿ ಕಾಯಿಯ ಖರ್ಚಿಗಿಂತ ಕಡಿಮೆ ದುಡ್ಡು!

ಒಬ್ಬ ವಕೀಲರ ಹತ್ತಿರ ಹೋದೆವು, ಇಷ್ಟು ವರ್ಷದ ಓವರ್‌ಟೈಮಾದರೂ ಕೇಳಬಹುದಾ ಅಂತ. ಅವರು ಎಲ್ಲ ಕೇಳಿಸಿಕೊಂಡು, "ಹಾಜರಿ ಪುಸ್ತಕದಲ್ಲಿ ಏನಿದೆ?" ಅಂದರು. ನಾನು ನೆಲ ನೋಡಿದೆ. ಪುಸ್ತಕದ ಪ್ರಕಾರ ನಮ್ಮಣ್ಣ ದಿನಕ್ಕೆ ಒಂಬತ್ತು ಗಂಟೆ ಮಾತ್ರ ಕೆಲಸ ಮಾಡಿದ್ದ, ಪ್ರತಿ ವಾರ ರಜೆ ತಗೊಂಡಿದ್ದ. ದುಂಡಗಿನ ಅಕ್ಷರದಲ್ಲಿ. ಅಣ್ಣ ನನ್ನ ಮುಖ ನೋಡಿ, ವಕೀಲರಿಗೆ "ಹೋಗ್ಲಿ ಬುಡಿ ಸಾರ್, ಕೇಸೆಲ್ಲ ಬ್ಯಾಡ" ಅಂತ ಎದ್ದ. ಬಸ್ಸಿನಲ್ಲಿ ನನ್ನ ಹತ್ತಿರ ಒಂದು ಮಾತೂ ಆ ವಿಷಯ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

2023ರಲ್ಲಿ ಅಣ್ಣ ಕೆಲಸ ಬಿಟ್ಟು ಲಕ್ಕೂರಿಗೆ ಹೋದ. ಆಮೇಲೆ ನಾನು ಓದಲು ಶುರು ಮಾಡಿದೆ. ಆಗ ತಿಳಿಯಿತು, ಕೂರುವುದಕ್ಕೂ ಕಾನೂನಿದೆ ಅಂತ. ಕಲ್ಲಿಕೋಟೆಯ ಮಿಠಾಯಿ ಬೀದಿಯ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಹೋರಾಡಿದರು. ಮುಂದೆ ನಿಂತವರು ಪಿ. ವಿಜಿ ಅನ್ನೋ ಟೈಲರ್, ಅವರ ಸಂಘಟನೆಯ ಹೆಸರು ಪೆಣ್‌ಕೂಟ್ಟು. ಗಿರಾಕಿ ಇಲ್ಲದಾಗಲೂ ಗೋಡೆಗೆ ಒರಗುವಂತಿರಲಿಲ್ಲ ಆ ಹೆಣ್ಣುಮಕ್ಕಳು. 2018ರಲ್ಲಿ ಕೇರಳ ಸರ್ಕಾರ ತನ್ನ ಅಂಗಡಿ ಕಾಯಿದೆ ತಿದ್ದಿ ಕೆಲಸಗಾರರಿಗೆ ಆಸನ ಕಡ್ಡಾಯ ಮಾಡಿತು. ಆ ವರ್ಷ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ವಿಜಿ ಹೆಸರಿತ್ತು. 2021ರಲ್ಲಿ ತಮಿಳುನಾಡೂ ಅದೇ ತಿದ್ದುಪಡಿ ತಂದಿತು. ಯೋಚಿಸಿ, ನಮ್ಮ ಲಕ್ಕೂರಿನಿಂದ ಬೈಕಲ್ಲಿ ಸ್ವಲ್ಪ ದೂರ ಹೋಗಿ ಗಡಿ ದಾಟಿದರೆ ಹೊಸೂರಿನ ಅಂಗಡಿಯ ಹುಡುಗನಿಗೆ ಕೂರುವ ಹಕ್ಕಿದೆ! ಕಾರ್ಖಾನೆಯವರಿಗಂತೂ 1948ರ ಕಾಯಿದೆಯಲ್ಲೇ ಇತ್ತು. ಕೊನೆಗೆ 2025ರ ನವೆಂಬರ್ 21ರಿಂದ ದೇಶದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ, ಹತ್ತು ಜನ ಕೆಲಸ ಮಾಡುವ ಸಂಸ್ಥೆಗಳಿಗೆಲ್ಲ ಅನ್ವಯಿಸುವ ಸುರಕ್ಷತೆಯ ಸಂಹಿತೆಯಲ್ಲಿ, ನಿಂತು ಕೆಲಸ ಮಾಡುವವರಿಗೆ ಕೂರುವ ವ್ಯವಸ್ಥೆ ಇರಬೇಕು ಅನ್ನೋ ಸಾಲು ಬಂತು. ನೇಮಕಾತಿ ಪತ್ರ ಕೊಡಬೇಕು ಅಂತಲೂ ಬಂತು. ನಮ್ಮಣ್ಣನ ಹತ್ತಿರ ಇಪ್ಪತ್ತೇಳು ವರ್ಷ ಕೆಲಸ ಮಾಡಿದ್ದಕ್ಕೆ ಸಾಕ್ಷಿಯಾಗಿ ಇದ್ದ ಒಂದೇ ಕಾಗದ ಆಸ್ಪತ್ರೆಯ ಚೀಟಿ.

ಯಜಮಾನರ ಹತ್ತಿರ ಮಾತಾಡಲು ನನಗೆ ಒಂದು ವರ್ಷ ಬೇಕಾಯಿತು. ಹೋರಾಟ ಗೀರಾಟ ಏನಿಲ್ಲ, ಅಷ್ಟು ಧೈರ್ಯ ನನ್ನದಲ್ಲ. ಒಂದು ತಿಂಗಳ ಕೊನೆಗೆ ಪುಸ್ತಕವನ್ನು ಖಾಲಿ ಬಿಟ್ಟೆ. "ಯಾಕೋ ತುಂಬಿಲ್ಲ?" ಅಂದರು. "ನಿಜ ಬರೀಲಾ, ಇಲ್ಲ ನೀವೇ ಬರೀತೀರಾ ಅಣ್ಣಾವ್ರೇ?" ಅಂದೆ. ಕೈ ನಡುಗುತ್ತಿತ್ತು. ಕೆಲಸ ಹೋಯಿತು ಅಂದುಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ವರ್ಷ ಮೂವರು ದೋಸೆಯವರು ಬಿಟ್ಟುಹೋಗಿದ್ದರು. ಒಡಿಶಾ, ಅಸ್ಸಾಮಿನಿಂದ ಬರೋ ಹುಡುಗರು ಆರು ತಿಂಗಳು ನಿಲ್ಲುತ್ತಿರಲಿಲ್ಲ. ಕರುಣೆಗಿಂತ ಆ ಲೆಕ್ಕ ನನ್ನ ಸಹಾಯಕ್ಕೆ ಬಂತು ಅಂತ ಕಾಣುತ್ತೆ.

ಈಗ ಏನಾಗಿದೆ? ಸ್ವರ್ಗ ಏನಾಗಿಲ್ಲ. ಎರಡು ಬ್ಯಾಚ್ ಆಗಿದೆ: ಐದರಿಂದ ಎರಡು, ಒಂದೂವರೆಯಿಂದ ಹತ್ತೂವರೆ, ಮಧ್ಯೆ ಊಟದ ಬಿಡುವು. ಮೂರು ಜನ ಹೆಚ್ಚಿಗೆ ಬಂದರು, ದೋಸೆಗೆ ಐದು ರೂಪಾಯಿ ಏರಿತು. ಇಎಸ್‌ಐ ಕಟ್ಟುತ್ತಿದ್ದೇವೆ. ವಾರಕ್ಕೊಂದು ರಜೆ ಸರದಿ ಮೇಲೆ. ಕಾಫಿ, ಪಾರ್ಸೆಲ್, ಜ್ಯೂಸ್ ಕೌಂಟರಿನ ಹಿಂದೆ ಒಂದೊಂದು ಎತ್ತರದ ಸ್ಟೂಲು. ದೋಸೆ ಕೂತು ಹಾಕಲು ಆಗಲ್ಲ, ಅವನನ್ನು ಗಂಟೆಗೊಮ್ಮೆ ಹತ್ತು ನಿಮಿಷ ಇನ್ನೊಬ್ಬ ಬಿಡಿಸಬೇಕು. ಜನ ಜಾಸ್ತಿ ಇರೋ ಭಾನುವಾರ ಇದೆಲ್ಲ ತಪ್ಪುತ್ತೆ, ಸುಳ್ಳು ಹೇಳಲ್ಲ. ತಪ್ಪಿದ ದಿನ ಪುಸ್ತಕದಲ್ಲಿ ತಪ್ಪಿದ ಹಾಗೇ ಬರೀತೀನಿ, ಹೆಚ್ಚಿನ ಗಂಟೆಯ ದುಡ್ಡೂ ಲೆಕ್ಕಕ್ಕೆ ಸೇರಿಸ್ತೀನಿ. ಮೊದಲ ವಾರ ಕಾಫಿ ಹುಡುಗ ಸ್ಟೂಲಿನ ಮೇಲೆ ಕೂತಾಗ ಗಿರಾಕಿಯೊಬ್ಬರು ನನ್ನ ಹತ್ತಿರ ಬಂದು "ಏನ್ರೀ, ನಿಮ್ಮ ಹುಡುಗರು ಆರಾಮಾಗಿ ಕೂತಿರ್ತಾರೆ?" ಅಂದರು. ಅವರ ಕೈಯಲ್ಲಿದ್ದ ಕಾಫಿ ಬಿಸಿಯಾಗೇ ಇತ್ತು.

ಹೋದ ಶನಿವಾರ ಊರಿಗೆ ಹೋಗಿದ್ದೆ. ನಮ್ಮ ಹೋಬಳಿಯಲ್ಲೇ ಚಿಕ್ಕ ತಿರುಪತಿ ಇದೆಯಲ್ಲ, ಪ್ರಸನ್ನ ವೆಂಕಟರಮಣಸ್ವಾಮಿ ದೇವಸ್ಥಾನ. ಶನಿವಾರ ಬೆಂಗಳೂರು, ಹೊಸೂರು ಕಡೆಯಿಂದ ಜನ ಬರ್ತಾರೆ. ಆ ರಸ್ತೆಯಲ್ಲಿ ಅಣ್ಣ ಒಂದು ಪುಟ್ಟ ಟಿಫನ್ ಅಂಗಡಿ ಹಾಕಿದ್ದಾನೆ. ಇಡ್ಲಿ, ಚಿತ್ರಾನ್ನ, ಖಾಲಿ ದೋಸೆ. ಕಾಲಿಗೆ ಬಿಗಿ ಸಾಕ್ಸ್ ಹಾಕಿರುತ್ತಾನೆ. ಅತ್ತಿಗೆ ಚಟ್ನಿ ನೋಡ್ತಾರೆ. ಒಲೆಯ ಪಕ್ಕ ಒಂದು ಸ್ಟೂಲಿತ್ತು, ಅದರ ಮೇಲೆ ಹಿಟ್ಟಿನ ಬಕೆಟ್ಟು!

"ಅಣ್ಣ, ಇದು ಬಕೆಟ್ ಇಡೋಕಾ?" ಅಂದೆ.

"ಅಭ್ಯಾಸ ಹೋಗಿಲ್ಲ ಕಣೋ. ಕುಂತ್ರೆ ಯಾರೋ ಬೈತಾರೆ ಅನ್ನಿಸ್ತೈತೆ" ಅಂದ, ನಗುತ್ತಾ.

ಅವನದೇ ಅಂಗಡಿ. ಬೈಯುವವರು ಯಾರೂ ಇಲ್ಲ. ನಾನು ಬಕೆಟ್ ಕೆಳಗಿಳಿಸಿ, ಸೌಟು ಕೈಯಿಂದ ತಗೊಂಡು, "ನೀನು ಕೂತ್ಕೋ, ನಾನು ಹಾಕ್ತೀನಿ" ಅಂದೆ. ಇಪ್ಪತ್ತು ವರ್ಷ ಹೋಟೆಲಿನಲ್ಲಿದ್ದೂ ನನ್ನ ದೋಸೆ ದುಂಡಗೆ ಬರಲಿಲ್ಲ. ಅಣ್ಣ ಕೂತು, ಕಾಲು ಚಾಚಿಕೊಂಡು, "ನಿನ್ನ ಕೈಲಿ ಅಕ್ಷರ ಮಾತ್ರ ದುಂಡಗೆ ಬರೋದು" ಅಂದ. ತಮಾಷೆಗೇ ಅಂದದ್ದು. ನಾನು ತಲೆ ಎತ್ತದೆ ಇನ್ನೊಂದು ದೋಸೆ ಹಾಕಿದೆ.

ನೀವು ಮುಂದಿನ ಸಲ ಹೋಟೆಲಿಗೆ ಹೋದಾಗ ಒಂದು ಸಲ ಕೌಂಟರಿನ ಆಚೆ ಬಗ್ಗಿ ನೋಡಿ, ಅಲ್ಲಿ ಕೂರೋಕೆ ಏನಾದರೂ ಇದೆಯಾ ಅಂತ. ಇದ್ದು, ಅದರ ಮೇಲೆ ಯಾರಾದರೂ ಕೂತಿದ್ದರೆ, ದಯವಿಟ್ಟು ಕ್ಯಾಶಿಯರ್ ಹತ್ತಿರ ಬಂದು ದೂರು ಹೇಳಬೇಡಿ.